ನಾತ ಬೇರೆ, ನಂಜು ಬೇರೆ

ಮೈದುನ: ಅತ್ತಿಗೆ, ಒಂದು ಒಗಟು. ಹುಳ ಓಡಾಡ್ತಾ ಇದ್ರೆ ತಿನ್ನಬಹುದು. ಹುಳ ಸತ್ತು ಬಿದ್ದಿದ್ರೆ ಕೆಟ್ಟಿದೆ ಅಂತ ಎಸೀಬೇಕು. ಏನದು?

ಅತ್ತಿಗೆ: ರೇಷ್ಮೆ ತಟ್ಟೆ?

ಮೈದುನ: ತಿನ್ನೋ ವಸ್ತು ಅಂದೆ.

ಅತ್ತಿಗೆ: ಹಂಗಾದ್ರೆ ನಿಂಗೆ ಯಾರೋ ಟೋಪಿ ಹಾಕಿದಾರೆ. ನಿವೃತ್ತಿ ಆಗೋವರೆಗೂ ಡೈರಿ ಲ್ಯಾಬಲ್ಲಿ ಕೂತವಳು ನಾನು. ಹುಳ ಬಿದ್ದ ಮೇಲೆ ಅದು ಸತ್ತಿದೆಯೋ ಬದುಕಿದೆಯೋ ಅಂತ ನಾಡಿ ಹಿಡಿದು ನೋಡಿದವರನ್ನ ಕಂಡಿಲ್ಲ.

ಮೈದುನ: ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ನೋಡ್ತಾರೆ. ಕಾಸು ಮಾರ್ಝು ಅಂತ ಕುರಿಹಾಲಿನ ಚೀಸು. ಉಂಡೆಯ ಮೇಲಿನ ಸಿಪ್ಪೆ ಕೆತ್ತಿ ಬೇಕಂತಲೇ ತೆರೆದಿಡ್ತಾರೆ, ನೊಣ ಬಂದು ಮೊಟ್ಟೆ ಇಡಲಿ ಅಂತ. ಮರಿಹುಳಗಳು ಸಾವಿರಗಟ್ಟಲೆ ಹುಟ್ಟಿ, ಒಳಗಿನ ಕೊಬ್ಬು ಅರಗಿಸಿ ಅರಗಿಸಿ ಚೀಸನ್ನ ಬೆಣ್ಣೆಯಷ್ಟು ಮೆತ್ತಗೆ ಮಾಡಿಬಿಡ್ತವೆ. ಮೇಲೆ ಹನಿ ಒಸರುತ್ತೆ. ಅದನ್ನ ಅಲ್ಲಿಯವರು ಕಣ್ಣೀರು ಅಂತಾರೆ.

ಅತ್ತಿಗೆ: ಯಾರ ಕಣ್ಣೀರು? ತಿನ್ನೋರದ್ದಾ?

ಮೈದುನ: ಪೂರ್ತಿ ಕೇಳಿ. ಹುಳದ ಉದ್ದ ಎಂಟು ಮಿಲಿಮೀಟರ್, ಹಾರೋದು 15 ಸೆಂಟಿಮೀಟರ್. ಅದಕ್ಕೇ ರೊಟ್ಟಿಗೆ ಸವರಿಕೊಂಡು ತಿನ್ನೋರು ಮೇಲೊಂದು ಕೈ ಅಡ್ಡ ಹಿಡೀತಾರೆ, ಕಣ್ಣಿಗೆ ಹಾರಬಾರದಲ್ಲ. ಹುಳ ಮಿಸುಕಾಡ್ತಿದ್ರೆ ಚೀಸು ಚೆನ್ನಾಗಿದೆ. ಸುಮ್ಮನೆ ಬಿದ್ದಿದ್ರೆ ಕೆಟ್ಟಿದೆ.

ಅತ್ತಿಗೆ: ಹುಳಕ್ಕೇ ಬದುಕೋಕೆ ಆಗದ ಜಾಗದಲ್ಲಿ ನಾವ್ಯಾಕೆ ಬಾಯಿ ಹಾಕೋದು ಅಂತ. ಲೆಕ್ಕ ಸರಿಯಾಗೇ ಇದೆ. ಆದ್ರೆ ಬದುಕಿದ ಹುಳ ಹೊಟ್ಟೆಗೆ ಹೋಗಿ ಅಲ್ಲೂ ಬದುಕಿದ್ರೆ?

ಮೈದುನ: ಆ ಭಯ ಇದ್ದೇ ಇದೆ, ಮಾರೋದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ. ತಿನ್ನೋರು ತಿಂತಾನೇ ಇದಾರೆ. ಇನ್ನು ಜರ್ಮನಿಯಲ್ಲಿ ವ್ಯೂರ್ಖ್‌ವಿಟ್ಸ್ ಅಂತ ಒಂದು ಹಳ್ಳಿ. ಅಲ್ಲಿ ಚೀಸು ಹದ ಮಾಡೋಕೆ ಮರದ ಪೆಟ್ಟಿಗೆಯಲ್ಲಿ ನುಸಿ ಸಾಕ್ತಾರೆ. ನುಸಿಗೆ ಹಸಿವಾಗಿ ಚೀಸೇ ಪೂರಾ ಮುಗಿಸದೇ ಇರಲಿ ಅಂತ ರೈ ಹಿಟ್ಟು ಬೇರೆ ಹಾಕ್ತಾರೆ. ಊರಲ್ಲಿ ಆ ನುಸಿಗೊಂದು ಸ್ಮಾರಕ ಕೂಡ ಕಟ್ಟಿದಾರೆ.

ಅತ್ತಿಗೆ: ನುಸಿಗೆ ವೀರಗಲ್ಲು! ನಮ್ಮ ಅಕ್ಕಿ ಡಬ್ಬಿಯಲ್ಲಿ ಎಷ್ಟು ಸಂಸಾರ ಆಗಿಹೋದ್ವು, ಒಂದಕ್ಕೂ ಒಂದು ಕಲ್ಲು ನೆಡಲಿಲ್ಲ ನಾವು. ಮೊರದಲ್ಲಿ ಕೇರಿ ಅಂಗಳಕ್ಕೆ ಚೆಲ್ಲಿದ್ದೇ ಬಂತು.

ಮೈದುನ: ಈಗ ಸ್ವೀಡನ್ ವಿಷಯ ಹೇಳ್ತೀನಿ.

ಅತ್ತಿಗೆ: ಹೇಳು ಮಾರಾಯ, ಹೇಳು. ಗೊಥೆನ್‌ಬರ್ಗಿಂದ ಬಂದಾಗಿಂದ ಅದೊಂದೇ ಡಬ್ಬಿ ಮೀನಿನ ಪುರಾಣ. ನಿಮ್ಮಣ್ಣ ಊಟ ಬಿಟ್ಟು ಎದ್ದುಹೋದ್ರು ನಿನ್ನೆ.

ಮೈದುನ: ಅಣ್ಣ ಎದ್ದಿದ್ದು ಕೇಳಿಯೇ. ನಾನು ಎದುರಿಗೆ ಕೂತು ತಿಂದವನು. ಸುರ್‌ಸ್ಟ್ರೊಮಿಂಗ್ ಅಂತ. ಬಾಲ್ಟಿಕ್ ಸಮುದ್ರದ ಹೆರ್ರಿಂಗ್ ಮೀನು. ಮೊಟ್ಟೆ ಇಡೋ ಮೊದಲು, ಏಪ್ರಿಲ್ ಮೇ ಹೊತ್ತಿಗೆ ಹಿಡೀತಾರೆ. ಉಪ್ಪುನೀರಿನ ಪೀಪಾಯಿಯಲ್ಲಿ ತಿಂಗಳೆರಡು ತಿಂಗಳು ಹುಳಿ ಬರಿಸಿ, ಆಮೇಲೆ ಡಬ್ಬಿಗೆ ತುಂಬಿ ಮುಚ್ತಾರೆ. ಆಗಸ್ಟ್ ತಿಂಗಳ ಮೂರನೇ ಗುರುವಾರ ಆ ವರ್ಷದ ಹೊಸ ಡಬ್ಬಿ ಒಡೆಯೋದು ಅಲ್ಲಿಯ ಹಳೇ ವಾಡಿಕೆ. ಆದ್ರೆ ಮೀನು ಡಬ್ಬಿಯೊಳಗೂ ಸುಮ್ಮನೆ ಕೂರಲ್ಲ, ಹುಳಿ ಬರ್ತಾನೇ ಇರುತ್ತೆ. ಗಾಳಿ ತುಂಬಿ ಡಬ್ಬಿಯ ಎರಡು ಮುಖವೂ ಉಬ್ಬುತ್ತೆ. ಚೆನ್ನಾಗಿ ಉಬ್ಬಿದ್ರೆ ಚೆನ್ನಾಗಿ ಹದವಾಗಿದೆ ಅಂತ ಅರ್ಥ.

ಅತ್ತಿಗೆ: ಉಬ್ಬಿದ ಡಬ್ಬಿ ಕಂಡರೆ ತೆರೆಯೋಕೂ ಹೋಗಬೇಡಿ, ಹಾಗೇ ಎಸೀರಿ ಅಂತ ನಾವು ತರಬೇತಿಗೆ ಬಂದ ಹುಡುಗರಿಗೆಲ್ಲ ಹೇಳಿದ್ದು. ಅದೇ ಉಬ್ಬು ನಿಮ್ಮಲ್ಲಿ ಶಿಫಾರಸು ಪತ್ರ!

ಮೈದುನ: 2006ರಲ್ಲಿ ಏರ್ ಫ್ರಾನ್ಸ್, ಬ್ರಿಟಿಷ್ ಏರ್‌ವೇಸ್ ಎರಡೂ ಇದನ್ನ ವಿಮಾನಕ್ಕೆ ಹತ್ತಿಸಲ್ಲ ಅಂದ್ವು. ಪಟಾಕಿ, ಮದ್ದುಗುಂಡಿನ ಸಾಲಿಗೆ ಸೇರಿಸಿದ್ರು. ಇಲ್ದಿದ್ರೆ ನಿಮಗೊಂದು ಡಬ್ಬಿ ತರ್ತಿದ್ದೆ.

ಅತ್ತಿಗೆ: ಆ ಎರಡು ಕಂಪನಿಗಳ ಮಕ್ಕಳುಮರಿ ತಣ್ಣಗಿರಲಿ. ನಾತ ಹೆಂಗಿತ್ತು, ನಿಜ ಹೇಳು.

ಮೈದುನ: ಡಬ್ಬಿ ಒಡೆಯೋದು ಮನೆ ಹೊರಗೆ, ಹಲವರು ಬಕೆಟ್ ನೀರಿನೊಳಗೆ ಮುಳುಗಿಸಿ ಒಡೀತಾರೆ. ಮೊದಲು ಕೊಳೆತ ಮೊಟ್ಟೆ. ಹಿಂದೆಯೇ ಹಳೇ ಬೆಣ್ಣೆ. ಆಮೇಲೆ ವಿನಿಗರ್. ಆದ್ರೆ ತೆಳು ರೊಟ್ಟಿಯ ಮೇಲೆ ಬೇಯಿಸಿದ ಆಲೂಗಡ್ಡೆ, ಹಸಿ ಈರುಳ್ಳಿ ಜೊತೆ ಇಟ್ಟು ಬಾಯಿಗೆ ಹಾಕಿದ್ರೆ ಅಷ್ಟೇನಿಲ್ಲ. ಉಪ್ಪು, ಹುಳಿ. ನಮ್ಮ ಒಣಮೀನು ತಿಂದವರಿಗೆ ಹೆದರೋ ಅಂಥದ್ದಲ್ಲ.

ಅತ್ತಿಗೆ: ಕೊಳೆತ ಮೊಟ್ಟೆ ಅಂದ್ರೆ ಹೈಡ್ರೋಜನ್ ಸಲ್ಫೈಡು. ಹಳೇ ಬೆಣ್ಣೆ ಅಂದ್ರೆ ಬ್ಯೂಟಿರಿಕ್ ಆಮ್ಲ. ನಮ್ಮ ಲ್ಯಾಬಲ್ಲಿ ಬೇಡ ಅಂದ್ರೂ ಸಿಗ್ತಿದ್ವು. ಅಲ್ಲ, ಆ ಜನ ಯಾಕೆ ಹಿಂಗೆ ಶುರು ಮಾಡಿದ್ರಂತೆ?

ಮೈದುನ: ಉಪ್ಪು ದುಬಾರಿಯಾಗಿತ್ತಂತೆ. ಪೂರ್ತಿ ಉಪ್ಪು ಹಾಕಿ ಒಣಗಿಸೋಕೆ ಕೈಯಲ್ಲಿ ಆಗಲ್ಲ, ಹಾಕದೇ ಇದ್ರೆ ಕೊಳೆತು ಹೋಗುತ್ತೆ. ನಡುವೆ ಎಲ್ಲೋ ನಿಂತರು.

ಅತ್ತಿಗೆ: ಆ ನಡುವೆ ಇದೆಯಲ್ಲ, ಅದೇ ವಿದ್ಯೆ. ಸೂಕ್ಷ್ಮಜೀವಿ ಇಲ್ಲದ ಊಟ ಸಿಗೋದು ಅಪರೂಪ. ಯಾವುದು ಮೊದಲು ಹತ್ತುತ್ತೆ ಅನ್ನೋದು ಮುಖ್ಯ. ಬಸ್ ನಿಲ್ಲೋ ಮೊದಲೇ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡೀತಾರಲ್ಲ, ಹಂಗೆ ಉಪ್ಪನ್ನ ತಡೆಯೋ, ಹುಳಿಯಲ್ಲಿ ಬದುಕೋ ಜಾತಿಗಳು ಮೊದಲು ಕೂತುಬಿಟ್ರೆ ಆಮೇಲೆ ಬಂದ ಕೇಡಿಗಳಿಗೆ ಜಾಗ ಇರಲ್ಲ. ಉಪ್ಪಿನ ಅಳತೆ ಅಂದ್ರೆ ಯಾರು ಮೊದಲು ಹತ್ತಬೇಕು ಅಂತ ನಾವು ಮಾಡೋ ತೀರ್ಮಾನ. ನಿಮ್ಮಮ್ಮ ಮಿಡಿ ಉಪ್ಪಿನಕಾಯಿಗೆ ಉಪ್ಪು ಹಾಕೋವಾಗ ಯಾರಿಗೂ ಮಾತಾಡೋಕೆ ಬಿಡ್ತಿರಲಿಲ್ಲ, ನೆನಪಿದೆಯಾ? ನಾನು ಮೈಕ್ರೋಬಯಾಲಜಿ ಓದಿ ಬಂದ ಸೊಸೆ, ಒಳಗೊಳಗೇ ನಗ್ತಿದ್ದೆ. ಆಮೇಲೆ ನೋಡಿದ್ರೆ ನಾನು ಓದಿದ್ದನ್ನ ಅವರು ಕೈಯಲ್ಲೇ ಇಟ್ಕೊಂಡಿದ್ರು.

ಮೈದುನ: ಉಪ್ಪಿನಕಾಯಿಗೆ ಬರೋಣ, ಮೊದಲು ಕೋರ್ಟಿಗೆ ಹೋಗೋಣ. ಜರ್ಮನಿಯ ಕೊಲೋನ್ ಊರಲ್ಲಿ ಬಾಡಿಗೆಯವನೊಬ್ಬ ಈ ಮೀನಿನ ನೀರನ್ನ ಮೆಟ್ಟಿಲ ಮೇಲೆ ಚೆಲ್ಲಿದ. ಮನೆ ಮಾಲೀಕ ಅವನನ್ನ ಹೊರಗೆ ಹಾಕಿದ. ಕೇಸು ನಡೀತು. ಅಷ್ಟು ದೊಡ್ಡ ತಪ್ಪೇನಲ್ಲ ಅಂತ ಬಾಡಿಗೆಯವನ ವಾದ. ಮಾಲೀಕನ ಕಡೆಯವರು ಕೋರ್ಟಲ್ಲೇ ಒಂದು ಡಬ್ಬಿ ಒಡೆದರು.

ಅತ್ತಿಗೆ: ಮುಂದಿನ ವಾಯಿದೆ ಬೇಕಾಗಿರಲಿಕ್ಕಿಲ್ಲ.

ಮೈದುನ: ಬಾಡಿಗೆಯವನು ಸೋತ. ವಕೀಲರ ಮಾತಿಗಿಂತ ಡಬ್ಬಿಯ ಮಾತು ಬೇಗ ಅರ್ಥ ಆಯ್ತು.

ಅತ್ತಿಗೆ: ನಗೋದಕ್ಕೆ ಚೆನ್ನಾಗಿದೆ. ಆದ್ರೆ ಅವನು ಅದನ್ನ ಉಣ್ಣೋಕೆ ತೆರೆದಿದ್ದಲ್ಲ, ಮೆಟ್ಟಿಲಿಗೆ ಸುರಿಯೋಕೆ. ಉಣ್ಣೋಕೆ ಅಂತ ಬೇಯಿಸಿದವರನ್ನೂ ಮನೆ ಬಿಡಿಸ್ತಾರಲ್ಲ, ಅದಕ್ಕೆ ನಗು ಬರಲ್ಲ ನಂಗೆ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳಿಗೆ ಅಂತ ಒಂದು ಕಿರುಪುಸ್ತಕ ಹಂಚಿದ್ರು. ಹೇಗೆ ಬಟ್ಟೆ ಹಾಕಬೇಕು ಅನ್ನೋದರ ಜೊತೆಗೆ, ಅಖುನಿ, ಬಿದಿರ ಕಳಲೆ ಥರದ ನಾತದ ಅಡುಗೆ ಮಾಡುವಾಗ ನೆರೆಹೊರೆಯಲ್ಲಿ ಗಲಾಟೆ ಆಗದ ಹಾಗೆ ನೋಡ್ಕೊಳ್ಳಿ ಅಂತ ಅದರಲ್ಲಿ ಬುದ್ಧಿಮಾತು.

ಮೈದುನ: ಅಖುನಿ ಗೊತ್ತು. ನಾಗಾಗಳದ್ದು. ಸೋಯಾ ಕಾಳು ಬೇಯಿಸಿ, ಎಲೆಯಲ್ಲಿ ಕಟ್ಟಿ ಒಲೆ ಹತ್ತಿರ ಇಟ್ಟು ಹುಳಿ ಬರಿಸೋದು. ಆ ಹೆಸರಿನದೇ ಒಂದು ಸಿನಿಮಾ ಬಂತು, 2019ರದ್ದು. ದೆಹಲಿಯ ಬಾಡಿಗೆ ಮನೆಯಲ್ಲಿ ಒಂದು ಮದುವೆಗೆ ಅಂತ ಗೆಳತಿಯರು ಅದನ್ನ ಕದ್ದುಮುಚ್ಚಿ ಬೇಯಿಸೋ ಕಥೆ.

ಅತ್ತಿಗೆ: ಅಖುನಿ ಬಿಡು, ಕಳಲೆ ಕೂಡ ಆ ಪಟ್ಟಿಯಲ್ಲಿ ಇತ್ತು ಮಾರಾಯ! ನಿಮ್ಮಮ್ಮನ ಅಡುಗೆಮನೆಗೆ ಆಷಾಢದಲ್ಲಿ ದೆಹಲಿ ಪೊಲೀಸರು ಬಂದಿದ್ರೆ ಕೈಗೆ ಕೋಳ ಬೀಳ್ತಿತ್ತು. ಕೊಡಗಿನವರದ್ದು, ಮಲೆನಾಡಿನವರದ್ದು ಅರ್ಧಕ್ಕರ್ಧ ಸಂಸಾರ ಒಳಗೆ ಹೋಗ್ತಿತ್ತು. ಹೆಚ್ಚಿ ನೀರಿಗೆ ಹಾಕಿ, ದಿನಾ ನೀರು ಬದಲಿಸಿ, ಮೂರನೇ ದಿನ ಬಗ್ಗಿ ಮೂಸಿದ್ರೆ ಎಂಥ ಪರಿಮಳ.

ಮೈದುನ: ಪರಿಮಳ ಅಂತ ನೀವು ಹೇಳ್ತೀರಿ. ನನ್ನ ಸ್ವೀಡನ್ ರೂಮ್‌ಮೇಟು ಬೇರೆ ಏನೋ ಹೇಳ್ದ.

ಅತ್ತಿಗೆ: ಆ ಮೀನು ತಿಂದ ಬಾಯಲ್ಲೇ? ಇರಲಿ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸೋ ವಸ್ತು ಇದೆ. ಹಸಿಯಾಗಿದ್ದಾಗ ಅದಕ್ಕೆ ಒಂದಿಷ್ಟೂ ನಾತ ಇಲ್ಲ, ನೋಡೋಕೆ ಎಳೇ ಮೂಲಂಗಿಗಿಂತ ಚಂದ. ಹೆಚ್ಚಿ ನೆನೆಸಿ ನೀರು ಬಸಿದ ಹಾಗೆ ನಂಜು ಇಳಿಯುತ್ತೆ, ನಾತ ಏರುತ್ತೆ. ನಾತ ಬಂದಾಗ ಧೈರ್ಯವಾಗಿ ಪಲ್ಯ ಮಾಡಬಹುದು.

ಮೈದುನ: ಐಸ್‌ಲ್ಯಾಂಡಿನ ಶಾರ್ಕೂ ಅಷ್ಟೇ! ಹಾಕಾರ್ಲ್ ಅಂತಾರೆ. ಗ್ರೀನ್‌ಲ್ಯಾಂಡ್ ಶಾರ್ಕಿನ ಮಾಂಸ ತಾಜಾ ಇದ್ದಾಗ ವಿಷ, ತಿಂದವರು ಕುಡಿದವರ ಹಾಗೆ ತೂರಾಡ್ತಾರೆ. ಹಳೇ ಪದ್ಧತಿಯಲ್ಲಿ ಅದನ್ನ ಜಲ್ಲಿಮರಳಿನ ಗುಂಡಿಯಲ್ಲಿ ಹೂತು, ಮೇಲೆ ಕಲ್ಲು ಹೇರಿ ಒಂದೂವರೆ ಎರಡು ತಿಂಗಳು, ಕೆಲವು ಸಲ ಮೂರು ತಿಂಗಳು ಬಿಡ್ತಾರೆ. ರಸ ಎಲ್ಲ ಹಿಂಡಿ ಹೋಗುತ್ತೆ. ಆಮೇಲೆ ಗಾಳಿಯಾಡೋ ಕೊಟ್ಟಿಗೆಯಲ್ಲಿ ನಾಲ್ಕೈದು ತಿಂಗಳು ನೇತುಹಾಕ್ತಾರೆ. ಅಷ್ಟಾದ ಮೇಲೆ ಅದು ಪಬ್ಲಿಕ್ ಟಾಯ್ಲೆಟ್ಟಿನ ವಾಸನೆ ಹೊಡೆಯುತ್ತೆ, ವಿಷ ಮಾತ್ರ ಇರಲ್ಲ.

ಅತ್ತಿಗೆ: ಅಮೋನಿಯ. ಶಾರ್ಕ್ ಜಾತಿ ಮೈಯಲ್ಲೇ ಯೂರಿಯಾ ಇಟ್ಟುಕೊಂಡು ಈಜೋ ಜಾತಿ, ಉಪ್ಪುನೀರು ತಡೆಯೋಕೆ. ಇನ್ನೊಂದು ಟ್ರೈಮೀಥೈಲಮೀನ್ ಅಂತ ಇರುತ್ತೆ, ಮಂಗಳೂರು ಮೀನು ಮಾರ್ಕೆಟ್ಟಲ್ಲಿ ಮಧ್ಯಾಹ್ನದ ಮೇಲೆ ಬರೋ ವಾಸನೆ ಅದೇ.

ಮೈದುನ: ಆದ್ರೆ ಅತ್ತಿಗೆ, ಆ ಶಾರ್ಕಿನ ವಯಸ್ಸು ಕೇಳಿ. 2016ರಲ್ಲಿ ವಿಜ್ಞಾನಿಗಳು ಕಣ್ಣಿನ ಮಸೂರ ಪರೀಕ್ಷೆ ಮಾಡಿ ಲೆಕ್ಕ ಹಾಕಿದ್ರು. ಪರೀಕ್ಷೆ ಮಾಡಿದ ಶಾರ್ಕುಗಳಲ್ಲಿ ಅತಿ ದೊಡ್ಡದಕ್ಕೆ ಅಂದಾಜು 392 ವರ್ಷ, 120 ವರ್ಷ ಆಚೀಚೆ. ಮೈಸೂರಲ್ಲಿ ರಣಧೀರ ಕಂಠೀರವ ಪಟ್ಟಕ್ಕೆ ಬರೋ ಮೊದಲೇ ಹುಟ್ಟಿದ್ದಿರಬಹುದು. ಅಂಥ ಅಜ್ಜನನ್ನ ಹಿಡಿದು, ಇನ್ನೂ ಹಳತಾಗಲಿ ಅಂತ ಆರು ತಿಂಗಳು ಇಡ್ತಾರೆ!

ಅತ್ತಿಗೆ: ನಾನೂರು ವರ್ಷಕ್ಕೆ ಹದ ಬರದ್ದು ಆರು ತಿಂಗಳಿಗೆ ಬಂತು. ನಿಮ್ಮಣ್ಣನ ವಿಷಯದಲ್ಲೂ ನಂಗೆ ಇನ್ನೂ ಆಸೆ ಇದೆ.

ಮೈದುನ: ಅಣ್ಣನ ವಿಷಯ ಬಂತಲ್ಲ, ಲಿಂಬರ್ಗರ್ ಚೀಸು ಕೇಳಿದೀರಾ? ಅದಕ್ಕೆ ಬೆವರಿದ ಕಾಲಿನ ವಾಸನೆ.

ಅತ್ತಿಗೆ: ಕೇಳದೇ ಏನು. ಚೀಸಿನ ಮೈಮೇಲೆ ಬೆಳೆಯೋ ಬ್ರೆವಿಬ್ಯಾಕ್ಟೀರಿಯಂ, ಮನುಷ್ಯನ ಕಾಲ್ಬೆರಳ ಸಂದಿಯಲ್ಲಿ ಬೆಳೆಯೋದು, ಎರಡೂ ದಾಯಾದಿಗಳು. ಮಲೇರಿಯಾ ತರೋ ಒಂದು ಜಾತಿ ಹೆಣ್ಣುಸೊಳ್ಳೆ ಮನುಷ್ಯನ ಕಾಲಿಗೆ ಹೇಗೆ ಹೋಗುತ್ತೋ ಹಾಗೇ ಆ ಚೀಸಿಗೂ ಹೋಗುತ್ತೆ ಅಂತ ಬಾರ್ಟ್ ನೋಲ್ಸ್ ಅನ್ನೋ ಡಚ್ ಸಂಶೋಧಕರು, ಅವರ ಜೊತೆಗಾರರು ತೋರಿಸಿದ್ರು. 2006ರಲ್ಲಿ ಅದಕ್ಕೆ ಇಗ್ ನೊಬೆಲ್ ಕೂಡ ಬಂತು. ತಮಾಷೆ ಪ್ರಶಸ್ತಿ ಅಂತ ನಕ್ಕವರೇ ಹೆಚ್ಚು. ಆಫ್ರಿಕಾದಲ್ಲಿ ಸೊಳ್ಳೆ ಹಿಡಿಯೋ ಬೋನಿಗೆ ಆ ವಾಸನೆಯಿಂದಲೇ ಆಮಿಷ ಮಾಡೋ ದಾರಿ ತೆರೀತು ಅನ್ನೋದನ್ನ ಕಡಿಮೆ ಜನ ಹೇಳ್ತಾರೆ.

ಮೈದುನ: ಅಂದ್ರೆ ಅಣ್ಣನ ಗಮ್‌ಬೂಟು ತೋಟದ ಕೊನೆಗೆ ಇಟ್ರೆ—

ಅತ್ತಿಗೆ: ಇಟ್ಟಿದೀನಿ. ಸೊಳ್ಳೆಯ ಜೊತೆ ನೆಂಟರೂ ಆ ಕಡೆ ಸುಳಿಯಲ್ಲ.

ಮೈದುನ: ಸರಿ, ಈಗ ವಯಸ್ಸಿನ ಪಂದ್ಯ ಕಟ್ಟೋಣ. ನನ್ನ ಕಡೆಯಿಂದ ಮೊದಲು ಒಂದು ಕೇಕು. 2017ರಲ್ಲಿ ಅಂಟಾರ್ಕ್ಟಿಕಾದ ಕೇಪ್ ಅಡೇರ್ ಗುಡಿಸಲಲ್ಲಿ ಸಿಕ್ಕಿದ ಹಂಟ್ಲಿ ಅಂಡ್ ಪಾಮರ್ಸ್ ಕಂಪನಿಯ ಹಣ್ಣಿನ ಕೇಕು. ಸ್ಕಾಟ್ ಸಾಹೇಬನ ಟೆರ್ರಾ ನೋವಾ ತಂಡದವರು ಬಿಟ್ಟುಹೋದದ್ದು. ಅಂದ್ರೆ 106 ವರ್ಷ. ತಗಡಿನ ಡಬ್ಬಿ ತುಕ್ಕು ಹಿಡಿದಿತ್ತು, ಒಳಗೆ ಕೇಕು ಹಾಗೇ ಇತ್ತು. ಬೆಣ್ಣೆ ಮಾತ್ರ ಚೂರು ಕಮಟು.

ಅತ್ತಿಗೆ: ಸಕ್ಕರೆ, ಒಣಹಣ್ಣು, ಚಳಿ. ಕೆಡೋಕೆ ಕಾರಣ ಏನಿದೆ? ನನ್ನ ಕಡೆಯಿಂದ ತುಪ್ಪ. ಆಯುರ್ವೇದದಲ್ಲಿ ಹತ್ತು ವರ್ಷ ಕಳೆದ ತುಪ್ಪಕ್ಕೆ ಪುರಾಣಘೃತ ಅಂತ ಬೇರೆ ಮರ್ಯಾದೆ. ಅಡುಗೆಗಲ್ಲ, ಉನ್ಮಾದ, ಅಪಸ್ಮಾರದಂಥ ಕಾಯಿಲೆಗೆ ಔಷಧಿ ಅಂತ. ಅಲ್ಲೂ ಲಕ್ಷಣ ಹೇಳೋವಾಗ ಉಗ್ರವಾದ ಗಂಧ ಅಂತಲೇ ಹೇಳಿದಾರೆ, ಮುಚ್ಚಿಟ್ಟಿಲ್ಲ.

ಮೈದುನ: ಹತ್ತು ವರ್ಷ ಯಾವ ಲೆಕ್ಕ? ಐರ್ಲೆಂಡಿನ ಜೌಗುನೆಲದಲ್ಲಿ ಹೂತ ಬೆಣ್ಣೆ ಆಗಾಗ ಸಿಗ್ತಾನೇ ಇರುತ್ತೆ. 2016ರಲ್ಲಿ ಮೀಥ್ ಕೌಂಟಿಯ ಎಮ್ಲಾ ಅನ್ನೋ ಕಡೆ, ಒಲೆಗೆ ಅಂತ ಜೌಗುಮಣ್ಣು ಕಡೀತಿದ್ದವನಿಗೆ ಹತ್ತು ಕಿಲೋ ಉಂಡೆ ಸಿಕ್ತು. ಎರಡು ಸಾವಿರ ವರ್ಷದ್ದು ಅಂತ ಅಂದಾಜು.

ಅತ್ತಿಗೆ: ಜೌಗಿನ ಮಣ್ಣಿಗೆ ಹುಳಿ ಗುಣ, ಒಳಗೆ ಗಾಳಿ ಇಲ್ಲ, ತಂಪು ಬೇರೆ. ಬೆಣ್ಣೆ ಕಮಟಾಗೋದಕ್ಕೆ ಗಾಳಿಯೂ ಒಂದು ಕಾರಣ. ಆದ್ರೆ ಎರಡು ಸಾವಿರ ವರ್ಷದ ಬೆಣ್ಣೆ ಇಟ್ಟವನು ಮರೆತವನು, ಹತ್ತು ವರ್ಷದ ತುಪ್ಪ ಇಟ್ಟವನು ಕಾದವನು. ನಂಗೆ ಕಾದವನ ಮೇಲೆ ಗೌರವ.

ಮೈದುನ: ಹಂಗಾದ್ರೆ ನನ್ನ ಕೊನೇ ಅಸ್ತ್ರ. 1979ರಲ್ಲಿ ಅಲಾಸ್ಕದ ಫೇರ್‌ಬ್ಯಾಂಕ್ಸ್ ಹತ್ತಿರ ಚಿನ್ನದ ಗಣಿಯವರಿಗೆ ಹೆಪ್ಪುಗಟ್ಟಿದ ನೆಲದಲ್ಲಿ ಒಂದು ಹಿಮಯುಗದ ಕಾಡೆಮ್ಮೆ ಸಿಕ್ತು. ಬೈಸನ್. ಸಿಂಹ ಹೊಡೆದ ಗುರುತು ಚರ್ಮದ ಮೇಲೆ ಇನ್ನೂ ಇತ್ತು. ಖನಿಜದ ನೀಲಿ ಮೈಗೆಲ್ಲ ಹತ್ತಿದ್ದರಿಂದ ಬ್ಲೂ ಬೇಬ್ ಅಂತ ಹೆಸರಿಟ್ರು. ಆಗಿನ ಲೆಕ್ಕದಲ್ಲಿ 36,000 ವರ್ಷ. ಆಮೇಲಿನ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತೆ. ಡೇಲ್ ಗಥ್ರೀ ಅನ್ನೋ ಪ್ರೊಫೆಸರು ಅದರ ಕೆಲಸ ಎಲ್ಲ ಮುಗಿಸಿ, ಕುತ್ತಿಗೆಯ ಒಂದು ಚೂರು ಮಾಂಸ ತೆಗೆದು, ತರಕಾರಿ ಮಸಾಲೆ ಹಾಕಿ ಸಾರು ಮಾಡಿ ಅತಿಥಿಗಳಿಗೆ ಬಡಿಸಿದ್ರು.

ಅತ್ತಿಗೆ: ಬದುಕಿದ್ರಾ?

ಮೈದುನ: ಎಲ್ರೂ. ಮಾಂಸ ಸ್ವಲ್ಪ ಗಟ್ಟಿ, ಮಣ್ಣಿನ ವಾಸನೆ ಅಂತ ಬಿಟ್ರೆ ಬೇರೆ ದೂರಿಲ್ಲ.

ಅತ್ತಿಗೆ: 36,000 ವರ್ಷ ಬೇಯಿಸದೇ ಇಟ್ಟು, ಬೇಯಿಸಿದ ಮೇಲೂ ಗಟ್ಟಿ ಅಂದ್ರೆ ಕುಕ್ಕರ್ ಇರಲಿಲ್ಲ ಅಂತ ಕಾಣುತ್ತೆ. ಇದು ನಿಜವೋ, ಹೇಳಿಕೆ ಮಾತೋ?

ಮೈದುನ: ಇದು ನಿಜ. ಸುಳ್ಳಿನದ್ದು ಬೇರೆ ಇದೆ. 1951ರಲ್ಲಿ ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್ ಅನ್ನೋ ಸಾಹಸಿಗಳ ಕೂಟದ ಭಾರೀ ಔತಣ. ಇತಿಹಾಸಪೂರ್ವ ಕಾಲದ ಪ್ರಾಣಿ ಮಾಂಸ ಬಡಿಸಿದ್ರು ಅಂತ ಸುದ್ದಿ. ಮ್ಯಾಮತ್ ಅಂದ್ರು ಕೆಲವರು, ದೈತ್ಯ ಸ್ಲಾತ್ ಅಂದ್ರು ಕೆಲವರು. ದಶಕಗಟ್ಟಲೆ ಹೇಳ್ಕೊಂಡು ತಿರುಗಿದ್ರು. ಒಂದು ತುಂಡು ಹೇಗೋ ಸೀಸೆಯಲ್ಲಿ ಉಳಿದಿತ್ತು. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಡಿಎನ್‌ಎ ನೋಡಿ 2016ರಲ್ಲಿ ಪ್ರಕಟಿಸಿದ್ರು. ಸಮುದ್ರದ ಹಸಿರು ಆಮೆ.

ಅತ್ತಿಗೆ: ಪಾಪ, ಆಮೆ! ಮದುವೆಮನೆಯಲ್ಲಿ ಗೋಡಂಬಿ ಬದಲು ಕಡಲೆಬೀಜ ಹಾಕಿದ್ರೆ ಅಡುಗೆಭಟ್ಟರನ್ನ ಬೈತೀವಿ.

ಮೈದುನ: ನನ್ನದು 36,000. ನಿಮ್ಮದು ಹತ್ತು. ಸೋತ್ರಿ.

ಅತ್ತಿಗೆ: ನಿಲ್ಲು. ನಮ್ಮ ತವರು ಕುಣಿಗಲ್ ಕಡೆ. ಅಲ್ಲಿ ರಾಗಿ ಹಗೇವು ಅಂತ ಇತ್ತು, ನಿಮ್ಮ ಮಲೆನಾಡಲ್ಲಿ ಕಾಣಲ್ಲ ಅದು. ಒಣ ನೆಲದಲ್ಲಿ ಮಡಕೆ ಆಕಾರಕ್ಕೆ ಗುಂಡಿ ತೆಗೆದು, ಒಳಗೆ ಹುಲ್ಲು ಸುತ್ತಿ, ರಾಗಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತೋದು. ಎಷ್ಟೋ ವರ್ಷ ಇರ್ತಿತ್ತು, ಬರಗಾಲಕ್ಕೆ ಅಂತ. ಹುಳ ಹಿಡಿಯಲ್ಲ. ಯಾಕೆ ಹೇಳು?

ಮೈದುನ: ರಾಗಿ ಸಣ್ಣಕಾಳು, ಹುಳಕ್ಕೆ ಹೊಗೋಕೆ ಜಾಗ ಇಲ್ಲ.

ಅತ್ತಿಗೆ: ಅದೂ ಒಂದು. ಇನ್ನೊಂದು, ಒಳಗಿರೋ ಗಾಳಿಯನ್ನ ಕಾಳು, ಬೂಷ್ಟು ಎಲ್ಲ ಸೇರಿ ಉಸಿರಾಡಿ ಮುಗಿಸ್ತವೆ. ಉಳಿಯೋದು ಇಂಗಾಲದ ಡೈಆಕ್ಸೈಡು. ಹುಳ ಉಸಿರುಕಟ್ಟಿ ಸಾಯುತ್ತೆ, ಅವಸರ ಮಾಡಿ ಇಳಿದ ಮನುಷ್ಯನೂ ಸಾಯ್ತಾನೆ. ಅದಕ್ಕೇ ಹಗೇವು ತೆಗೆದ ದಿನವೇ ಯಾರೂ ಇಳೀತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ದೀಪ ಇಳಿಸಿ ನೋಡೋದು. ದೀಪ ಉರಿದ್ರೆ ಮನುಷ್ಯ ಇಳೀಬಹುದು. ಆ ಗಾಳಿಗೆ ಒಂದು ಚೂರೂ ವಾಸನೆ ಇಲ್ಲ ನೋಡು. ನೀನು ಬೆಳಿಗ್ಗೆಯಿಂದ ಹೆದರಿಸ್ತಾ ಬಂದಿದ್ದೆಲ್ಲ ಮೂಗಿಗೆ ಗೊತ್ತಾಗೋ ಪದಾರ್ಥ. ನಂಗೆ ಭಯ ಇರೋದು ಮೂಗಿಗೆ ಗೊತ್ತಾಗದ್ದರ ಮೇಲೆ.

ಮೈದುನ: ಲ್ಯಾಬ್ ಮೇಡಂ ಬಂದ್ರು.

ಅತ್ತಿಗೆ: ಬರಲೇಬೇಕು. ಅಲಾಸ್ಕ ಅಂದ್ಯಲ್ಲ. ಅಲ್ಲಿಯ ಮೂಲನಿವಾಸಿಗಳು ಮೀನಿನ ತಲೆಯನ್ನ ಹುಲ್ಲು ಹಾಸಿದ ಗುಂಡಿಯಲ್ಲಿ ಹೂತು ಹುಳಿ ಬರಿಸೋದು ತಲೆತಲಾಂತರದ ಪದ್ಧತಿ. ನೆಲದ ತಂಪು, ಹುಲ್ಲಿನ ಸಂದಿಯಲ್ಲಿ ಗಾಳಿ. ಪೇಟೆಯಿಂದ ಪ್ಲಾಸ್ಟಿಕ್ ಬಕೆಟ್ ಬಂತು. ಚೊಕ್ಕ, ಮುಚ್ಚಳ ಭದ್ರ, ಒಲೆ ಹತ್ತಿರ ಇಟ್ರೆ ಬೇಗ ಆಗುತ್ತೆ. ಬೇಗ ಆಗಿದ್ದು ಬೊಟುಲಿಸಂ. ಗಾಳಿ ಇಲ್ಲದ ಕಡೆ, ಬೆಚ್ಚಗೆ, ಹುಳಿ ಸಾಲದೇ ಇದ್ರೆ ಆ ಕಾಯಿಲೆ ತರೋ ಬ್ಯಾಕ್ಟೀರಿಯ ವಿಷ ಕಾರುತ್ತೆ. ಅದೇ ಮೀನು, ಅದೇ ಕೈ. ಬದಲಾಗಿದ್ದು ಪಾತ್ರೆ.

ಮೈದುನ: ನಮ್ಮ ಉಪ್ಪಿನಕಾಯಿಗೆ ಅದು ಬರಲ್ವಾ?

ಅತ್ತಿಗೆ: ಹುಳಿ ಇದ್ರೆ ಬರಲ್ಲ. ಪಿಎಚ್ 4.6ಕ್ಕಿಂತ ಕೆಳಗೆ ಇಳಿದ್ರೆ ಅದು ಬೆಳೆಯಲ್ಲ. ಮಾವಿನ ಮಿಡಿಯ ಸೊನೆ, ಹುಳಿ, ಉಪ್ಪು ಎಲ್ಲ ಸೇರಿ ಕಾವಲು. ಆದ್ರೆ ಹಸಿ ಬೆಳ್ಳುಳ್ಳಿಯನ್ನ ಬರೀ ಎಣ್ಣೆಯಲ್ಲಿ ಮುಳುಗಿಸಿ ಷೋಕಿಗೆ ಕಿಟಕಿ ಮೇಲೆ ಇಡ್ತಾರಲ್ಲ, ಅದನ್ನ ಕಂಡರೆ ನಂಗೆ ಮೈ ಉರಿಯುತ್ತೆ. ಎಣ್ಣೆ ಗಾಳಿ ತಡೀತು, ಹುಳಿ ಇಲ್ಲ, ಮೇಲೆ ಬೆಚ್ಚಗಿನ ಬಿಸಿಲು. ಬೊಟುಲಿಸಂಗೆ ಹಾಸಿಗೆ ಹಾಸಿ ಕರೆದಂಗಾಯ್ತು.

ಮೈದುನ: ಮೂಸಿದ್ರೆ?

ಅತ್ತಿಗೆ: ಬೆಳ್ಳುಳ್ಳಿ ಘಮ ಬರುತ್ತೆ, ಅಷ್ಟೇ. ಇಂಡೊನೇಷ್ಯಾದ ಜಾವಾದಲ್ಲಿ ಟೆಂಪೆ ಅಂತ ಮಾಡ್ತಾರಲ್ಲ, ಸೋಯಾದ್ದು ಒಳ್ಳೇ ಪದಾರ್ಥ. ಬಡವರು ಅದನ್ನೇ ಕಾಯಿಹಾಲು ಹಿಂಡಿದ ಚರಟದಿಂದ ಮಾಡ್ತಿದ್ರು, ಬೊಂಗ್‌ಕ್ರೆಕ್ ಅಂತ. ಅದರಲ್ಲಿ ಬೇರೊಂದು ಬ್ಯಾಕ್ಟೀರಿಯ ಹೊಕ್ಕು ಜನ ಸಾಯ್ತಾನೇ ಬಂದ್ರು. ಕೊನೆಗೆ 1988ರಲ್ಲಿ ಸರ್ಕಾರ ಅದನ್ನ ಮಾಡೋದನ್ನೇ ನಿಷೇಧಿಸ್ತು. ಅದೇ ವಿಷ 2020ರ ಅಕ್ಟೋಬರಿನಲ್ಲಿ ಚೀನಾದ ಜಿಶಿ ಊರಲ್ಲಿ ಬಂತು. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಶ್ಯಾವಿಗೆ, ವರ್ಷದ ಹತ್ತಿರ ಫ್ರೀಜರಿನಲ್ಲಿ ಇದ್ದದ್ದು. ಮನೆಯವರು ಸೇರಿ ಉಂಡ್ರು. ಒಂಬತ್ತು ಜನ ಹೋದ್ರು. ರುಚಿ ಹಿಡಿಸಲಿಲ್ಲ ಅಂತ ತಟ್ಟೆ ತಳ್ಳಿದ ಮೂರು ಚಿಕ್ಕವರು ಉಳಿದ್ರು.

ಮೈದುನ: ಕುದಿಸಿರಲಿಲ್ವಾ?

ಅತ್ತಿಗೆ: ಕುದಿಸಿದ್ರು. ಆ ವಿಷ ಕುದಿಸಿದ್ರೆ ಹೋಗಲ್ಲ. ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಮೈದುನ: ಈಗ ನಂಗೆ ಆ ಹುಳದ ಚೀಸೇ ವಾಸಿ ಅನ್ನಿಸ್ತಿದೆ. ಓಡಾಡ್ತಾ ಇದೀನಿ, ಬದುಕಿದೀನಿ ಅಂತಾದ್ರೂ ಹೇಳುತ್ತೆ. ಆದ್ರೆ ನಮ್ಮ ಕಡೆ ಶಾಸ್ತ್ರದಲ್ಲೇ ಎಲ್ಲ ಹೇಳಿಬಿಟ್ಟಿದೆಯಲ್ಲ. ಗೀತೆಯ 17ನೇ ಅಧ್ಯಾಯದಲ್ಲಿ ಹಳಸಿದ್ದು, ನಾರುವುದು, ರಾತ್ರಿ ಕಳೆದದ್ದು ಎಲ್ಲ ತಾಮಸರ ಊಟ. ಸ್ವೀಡನ್, ಐಸ್‌ಲ್ಯಾಂಡ್ ಪೂರ್ತಿ ಆ ಲೆಕ್ಕಕ್ಕೆ ಜಮೆ.

ಅತ್ತಿಗೆ: ನಿಮ್ಮಣ್ಣ ಬೆಳಿಗ್ಗೆ ತಂಗಳನ್ನಕ್ಕೆ ಮಜ್ಜಿಗೆ ಹಾಕ್ಕೊಂಡು ಉಂಡು ತೋಟಕ್ಕೆ ಹೋದ್ರಲ್ಲ, ಅವರನ್ನ ಯಾವ ದೇಶಕ್ಕೆ ಜಮೆ ಮಾಡ್ತೀಯ? ಶಾಸ್ತ್ರ ಬರೆದವರೂ ಮೊಸರಿಗೆ ಬಾಗಿಲು ತೆರೆದೇ ಇಟ್ಟಿದ್ರು. ಹುಳಿ ಬಂದದ್ದೆಲ್ಲ ವರ್ಜ್ಯ ಅಂದು, ಮೊಸರು, ಮೊಸರಿನಿಂದ ಆದದ್ದು ಬಿಟ್ಟು ಅಂತ ಮನುವೇ ವಿನಾಯಿತಿ ಕೊಟ್ಟಿದಾನೆ. ತುಪ್ಪ, ಎಣ್ಣೆ ಸೋಕಿದ ತಂಗಳಿಗೂ ಅವನದ್ದು ವಿನಾಯಿತಿ. ಅವನ ಮನೆಯಲ್ಲೂ ಯಾರೋ ಮೊಸರನ್ನ ಇಷ್ಟಪಡ್ತಿದ್ದಿರಬೇಕು.

ಮೈದುನ: ಮಾಲ್ಮೊ ಊರಲ್ಲಿ ಒಂದು ಮ್ಯೂಸಿಯಂ ಇದೆ ಅತ್ತಿಗೆ. 2018ರಲ್ಲಿ ಶುರುವಾಗಿದ್ದು. ಅಸಹ್ಯ ತಿನಿಸುಗಳ ಮ್ಯೂಸಿಯಂ ಅಂತಲೇ ಹೆಸರು. ಟಿಕೆಟ್ ಕೇಳಿದ್ರೆ ವಾಂತಿ ಮಾಡೋ ಚೀಲ ಕೊಡ್ತಾರೆ, ಟಿಕೆಟ್ಟು ಅದರ ಮೇಲೇ ಅಚ್ಚಾಗಿರುತ್ತೆ. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಸುಮಾರು ಪದಾರ್ಥ ಅಲ್ಲಿ ಇವೆ. ನಮ್ಮ ಕಳಲೆ ಕಳಿಸೋಣವಾ?

ಅತ್ತಿಗೆ: ಕಳಲೆ ಕೊಡಲ್ಲ. ಯಾರದ್ದೋ ಹಬ್ಬದೂಟವನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗು ಮುಚ್ಚಿಕೊಳ್ಳೋ ಆಟ ನಂಗೆ ಅಷ್ಟಾಗಿ ಹಿಡಿಸಲ್ಲ. ಬೇಕಿದ್ರೆ ಫಂಕ್ಷನ್ ಹಾಲಲ್ಲಿ ಮಧ್ಯಾಹ್ನ ಮಿಕ್ಕ ಅನ್ನವನ್ನ ಕೊಪ್ಪರಿಗೆಯಲ್ಲೇ ಬಿಟ್ಟು, ಸಂಜೆ ಒಗ್ಗರಣೆ ಹಾಕಿ ಚಿತ್ರಾನ್ನ ಅಂತ ಬಡಿಸ್ತಾರಲ್ಲ, ಅದನ್ನ ಇಡಲಿ. ಘಮಘಮ ಅನ್ನುತ್ತೆ, ಬಣ್ಣ ಚಂದ, ಮೇಲೆ ಕಡಲೆಬೀಜ. ಒಳಗೆ ಬೆಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯ. ಅಕ್ಕಿಯಲ್ಲೇ ಇರೋ ಬೀಜಕ ಬೇಯಿಸಿದ್ರೂ ಸಾಯಲ್ಲ, ಅನ್ನ ಬೆಚ್ಚಗೆ ಕೂತಿದ್ರೆ ಮೊಳೆತು ವಿಷ ಬಿಡುತ್ತೆ. ಮತ್ತೆ ಎಷ್ಟು ಹುರಿದ್ರೂ ಆ ವಿಷ ಅಲ್ಲೇ. ವಾಂತಿ ಚೀಲ ಅದಕ್ಕೆ ಕೊಡಲಿ.

ಮೈದುನ: ಹಂಗಾದ್ರೆ ಅಣ್ಣನ ತಂಗಳನ್ನ?

ಅತ್ತಿಗೆ: ಆರಿಸಿ, ನೀರು ಹಾಕಿ, ಮುಚ್ಚಿ ಇಟ್ಟದ್ದು. ರಾತ್ರಿಯೆಲ್ಲ ಹುಳಿ ಬರಿಸೋ ಬ್ಯಾಕ್ಟೀರಿಯಕ್ಕೆ ಅಲ್ಲಿ ಕೆಲಸ. ಬೆಳಿಗ್ಗೆ ಹದವಾದ ಹುಳಿ ಬಂದಿದ್ರೆ ಉಣ್ತಾರೆ. ಲೋಳೆ ಬಂದಿದ್ರೆ, ಬೇರೆ ಬಣ್ಣ ತಿರುಗಿದ್ರೆ ದನಕ್ಕೂ ಹಾಕಲ್ಲ. ಬೇಸಿಗೆಯಲ್ಲಿ ನಾನು ಮೂಗು, ಕಣ್ಣು ಎರಡೂ ನಂಬಲ್ಲ, ಗಡಿಯಾರ ನೋಡ್ತೀನಿ. ಅಂದಹಾಗೆ, ಅಡುಗೆಮನೆ ಕಟ್ಟೆ ಮೇಲೆ ಬೆಳಿಗ್ಗೆಯ ಕಾಯಿಚಟ್ನಿ ಇನ್ನೂ ಇದೆಯಾ?

ಮೈದುನ: ಇದೆ. ಮೂಸಿದೆ ಆಗಲೇ, ಚೆನ್ನಾಗೇ ಇದೆ. ಇನ್ನೆರಡು ದೋಸೆಗೆ ಆಗುತ್ತೆ.

ಅತ್ತಿಗೆ: ಎಸಿ.

ಮೈದುನ: ಅತ್ತಿಗೆ! 36,000 ವರ್ಷದ ಮಾಂಸ ಉಂಡು ಜನ ಬದುಕಿದಾರೆ. ಇದಕ್ಕೆ ಎಂಟು ಗಂಟೆ ಆಗಿಲ್ಲ.

ಅತ್ತಿಗೆ: ಆ ಫ್ರೀಜರಿಗೆ 36,000 ವರ್ಷದಲ್ಲಿ ಒಂದು ದಿನವೂ ಕರೆಂಟ್ ಹೋಗಿರಲಿಲ್ಲ. ಇಲ್ಲಿ ಬೆಳಿಗ್ಗೆ ಏಳಕ್ಕೆ ಹೋಗಿದ್ದು ಇನ್ನೂ ಬಂದಿಲ್ಲ. ಗೊಬ್ಬರದ ಗುಂಡಿಗೆ ಸುರಿದು, ಪಾತ್ರೆಗೆ ಬಿಸಿನೀರು ಹಾಕಿ ಬಾ. ಬರೋವಾಗ ಹಿತ್ತಲಿಂದ ಒಂದು ಕಾಯಿ ಸುಲಿದು ತಾ, ಬೇರೆ ಅರೀತೀನಿ.